ಬಚ್ಚಲುಮನೆಯಲ್ಲಿ ಯತ್ನಾಚಾರ

ಅಹಿಂಸೆಯ ವಿಚಾರ ಬಂದಾಗ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಅಡುಗೆಮನೆ. ಯಾವ ಗೆಡ್ಡೆಯನ್ನು ಬಿಡಬೇಕು, ಹಿಟ್ಟನ್ನು ಎಷ್ಟು ದಿನ ಇಡಬಹುದು, ಸೂರ್ಯಾಸ್ತಕ್ಕೆ ಮುಂಚೆ ಊಟವನ್ನು ಹೇಗೆ ಮುಗಿಸಬೇಕು ಎಂಬ ವಿಷಯಗಳಲ್ಲಿ ನಮ್ಮ ಹೆಣ್ಣುಮಕ್ಕಳಿಗಿರುವ ತಿಳಿವಳಿಕೆ ಪಂಡಿತರೂ ಮೆಚ್ಚುವಂಥದು. ಆದರೆ ಅಡುಗೆಮನೆಯಿಂದ ಹತ್ತು ಹೆಜ್ಜೆ ಆಚೆಗಿರುವ ಬಚ್ಚಲುಮನೆಯನ್ನು ಕುರಿತು ಇಂತಹ ವಿಚಾರ ನಡೆಯುವುದು ಅಪರೂಪ. ನೀರು, ಬೆಂಕಿ, ಗಾಳಿ, ಕಣ್ಣಿಗೆ ಕಾಣದ ಸಣ್ಣ ಜೀವಿಗಳು, ಮುಪ್ಪಿನವರ ಮೂಳೆಗಳು, ಕೂಲಿಯವರ ಕೈಗಳು ಇಷ್ಟೂ ಒಂದೇ ಕಡೆ ಸೇರುವ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಕಳೆದ ವರ್ಷ ನಮ್ಮ ಮನೆಯ ಸ್ನಾನಗೃಹವನ್ನು ಕೆಡವಿ ಹೊಸದಾಗಿ ಕಟ್ಟಿಸಿದ ಸಂದರ್ಭದಲ್ಲಿ ಕಂಡುಕೊಂಡ ಕೆಲವು ಸಂಗತಿಗಳನ್ನು ಶ್ರಾವಕ ಬಂಧುಗಳೊಡನೆ ಹಂಚಿಕೊಳ್ಳುವುದು ಅನುಚಿತವಾಗದೆಂದು ಭಾವಿಸಿದ್ದೇನೆ.

ನಮ್ಮ ಹಿರಿಯರ ಬಚ್ಚಲುಮನೆ ಬೇರೆಯದೇ ರೀತಿಯದಾಗಿತ್ತು. ಹಾಸನ ಜಿಲ್ಲೆಯ ನಮ್ಮ ಅಜ್ಜನ ಮನೆಯಲ್ಲಿ ಅದು ಹಿತ್ತಿಲ ಕಡೆಗಿತ್ತು. ಒಲೆಯ ಮೇಲೆ ಹೂತ ತಾಮ್ರದ ಹಂಡೆ, ಒರಟಾದ ಚಪ್ಪಡಿ ಕಲ್ಲು, ಕೂತು ಸ್ನಾನ ಮಾಡಲು ಒಂದು ಮಣೆ. ಬಿದ್ದ ನೀರು ಮೋರಿಯಲ್ಲಿ ಹರಿದು ಬಾಳೆಯ ಬುಡ ಸೇರುತ್ತಿತ್ತು. ಒಲೆಗೆ ಇಡುವ ಮುನ್ನ ಪ್ರತಿಯೊಂದು ಸೌದೆಯನ್ನೂ ಅಜ್ಜಿ ನೆಲಕ್ಕೆ ಮೆಲ್ಲಗೆ ತಟ್ಟಿ, ಹುಳುಹುಪ್ಪಟೆ ಇವೆಯೇ ಎಂದು ನೋಡುತ್ತಿದ್ದರು. ಕುದಿಯುವ ನೀರನ್ನು ಹಾಗೆಯೇ ಮೋರಿಗೆ ಸುರಿಯಲು ಯಾರಿಗೂ ಅಪ್ಪಣೆಯಿರಲಿಲ್ಲ. ತಣಿದ ಮೇಲೆಯೇ ಚೆಲ್ಲಬೇಕು. ಹಾಗೆಂದು ಹಳೆಯದೆಲ್ಲವೂ ಒಳ್ಳೆಯದೆಂದು ನಾನು ಹೇಳಲಾರೆ. ಅಲ್ಲಿ ಹಗಲಿನಲ್ಲಿಯೂ ಕತ್ತಲೆ. ಹೊಗೆಯಿಂದ ಹೆಂಗಸರ ಕಣ್ಣು ಕೆಂಪಾಗಿರುತ್ತಿತ್ತು. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ ಕಟ್ಟುತ್ತಿತ್ತು. ಆದರೆ ಅಲ್ಲಿ ನಡೆಯುತ್ತಿದ್ದ ಪ್ರತಿಯೊಂದು ಕೆಲಸದ ಹಿಂದೆಯೂ ಒಂದು ಎಚ್ಚರವಿತ್ತು. ಹಂಡೆ ಹೋದಾಗ ಆ ಎಚ್ಚರವೂ ಹೋಗಬೇಕಾದ ಅಗತ್ಯವಿರಲಿಲ್ಲ.

ಈಗ ನಾವಿರುವುದು ಮೈಸೂರಿನಲ್ಲಿ, 1974ರಲ್ಲಿ ಕಟ್ಟಿದ, ಆಮೇಲೆ ನಾವು ಕೊಂಡುಕೊಂಡ ಒಂದು ಮನೆಯಲ್ಲಿ. ಹಿಂದಿನ ಮಾಲೀಕರು ಸ್ನಾನಗೃಹವನ್ನು ತಮ್ಮ ಕಾಲದ ರುಚಿಗೆ ತಕ್ಕಂತೆ ಮಾಡಿಸಿದ್ದರು. ಕನ್ನಡಿಯಂತೆ ಹೊಳೆಯುವ ಬಿಳಿಯ ನೆಲ, ನಾಲ್ಕು ಅಂಗುಲ ಎತ್ತರದ ಹೊಸ್ತಿಲು, ಒಳಕ್ಕೆ ತೆರೆಯುವ ಬಾಗಿಲು. ಎರಡು ವರ್ಷಗಳ ಹಿಂದೆ, ಅಕ್ಕನ ಮನೆಯಲ್ಲಿದ್ದ ನಮ್ಮ ತಾಯಿಯವರು ಇಲ್ಲಿಗೆ ಬಂದು ನೆಲೆಸಿದರು. ಅವರಿಗೆ ಆಗ 84 ವರ್ಷ. ಬಂದ ಕೆಲವೇ ದಿನಗಳಲ್ಲಿ ಅವರು ಮಧ್ಯಾಹ್ನದ ಮೇಲೆ ನೀರು ಮುಟ್ಟುತ್ತಿಲ್ಲವೆಂಬುದು ಗಮನಕ್ಕೆ ಬಂತು. ರಾತ್ರಿಭೋಜನ ತ್ಯಾಗ ಅವರಿಗೆ ಚಿಕ್ಕಂದಿನಿಂದ ಬಂದ ನಿಯಮ. ಆದರೆ ಇದು ಆ ನಿಯಮಕ್ಕೆ ಸೇರಿದ್ದಲ್ಲ.

“ಅಮ್ಮ, ಹೊತ್ತು ಮುಳುಗೋಕೆ ಇನ್ನೂ ಎರಡು ಗಂಟೆ ಇದೆ. ಒಂದು ಲೋಟ ನೀರು ಕುಡಿ” ಎಂದೆ.

“ಬೇಡಪ್ಪ. ಕುಡಿದರೆ ರಾತ್ರಿ ಏಳಬೇಕಾಗುತ್ತೆ. ಆ ಬಚ್ಚಲಿಗೆ ಕಾಲಿಡೋಕೆ ನನಗೆ ಭಯ” ಎಂದರು.

ವ್ರತದಿಂದ ನೀರು ಬಿಡುವುದು ಬೇರೆ, ಭಯದಿಂದ ಬಿಡುವುದು ಬೇರೆ. ಮೊದಲನೆಯದು ಆತ್ಮಬಲವನ್ನು ಬೆಳೆಸುತ್ತದೆ. ಎರಡನೆಯದು ದೇಹವನ್ನು ಕುಗ್ಗಿಸುತ್ತದೆ. ನೀರು ಸಾಲದೆ ಹೋದರೆ ಮುಪ್ಪಿನಲ್ಲಿ ತಲೆಸುತ್ತು, ಮಲಬದ್ಧತೆ, ಮೂತ್ರದ ಸೋಂಕು ಬೇಗ ತಲೆದೋರುತ್ತವೆ. ತಲೆಸುತ್ತು ಬಂದವರು ಬೀಳುವ ಸಂಭವ ಇನ್ನೂ ಹೆಚ್ಚು. ಅಂದರೆ ಯಾವುದಕ್ಕೆ ಹೆದರಿ ನೀರು ಬಿಟ್ಟರೋ ಅದನ್ನೇ ಆ ಭಯ ಹತ್ತಿರಕ್ಕೆ ಎಳೆದು ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. “ಬಚ್ಚಲಲ್ಲಿ ಜಾರಿ ಬಿದ್ದರು, ಆಮೇಲೆ ಮೇಲೇಳಲೇ ಇಲ್ಲ” ಎಂಬ ಮಾತನ್ನು ಕೇಳದ ಕುಟುಂಬ ನಮ್ಮಲ್ಲಿ ಯಾವುದಿದೆ? ಆದ್ದರಿಂದ ಆ ಸ್ನಾನಗೃಹವನ್ನು ಬದಲಿಸಲೇಬೇಕೆಂದು ಮನೆಯವರೆಲ್ಲ ನಿಶ್ಚಯಿಸಿದೆವು.

ಈ ಕೆಲಸಕ್ಕೆ ಶಾಸ್ತ್ರದ ಆಧಾರವೇಕೆ ಎಂದು ಕೆಲವರಿಗೆ ಅನಿಸಬಹುದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಸೇರಿಸಿಯೇ ಹೇಳಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯೂ ಒಂದು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು ಇವೆಲ್ಲ ಅದರೊಳಗೆ ಬರುತ್ತವೆ. ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಅಸ್ನಾನವೂ ಸೇರಿದೆ. ಮಲಮೂತ್ರ ವಿಸರ್ಜನೆಯ ಜಾಗ ನಿರ್ಜಂತುಕವಾಗಿದೆಯೇ ಎಂದು ನೋಡಿಕೊಳ್ಳುವುದೂ ಅವರಿಗೆ ಒಂದು ಸಮಿತಿ. ಸ್ನಾನವನ್ನು ಬಿಟ್ಟವರಿಗೇ ಇಷ್ಟು ಎಚ್ಚರ ವಿಧಿಸಿರುವಾಗ, ದಿನವೂ ಮೈಮೇಲೆ ನೀರು ಸುರಿದುಕೊಳ್ಳುವ ಗೃಹಸ್ಥರಿಗೆ ಎಷ್ಟು ಎಚ್ಚರ ಬೇಕೆಂಬುದನ್ನು ಊಹಿಸಬಹುದು. ಎಚ್ಚರದ ಒಂದು ಭಾಗ ನಮ್ಮ ನಡತೆಯಲ್ಲಿರುತ್ತದೆ. ಇನ್ನೊಂದು ಭಾಗವನ್ನು ಕಲ್ಲಿನಲ್ಲಿ, ಗಾರೆಯಲ್ಲಿ, ಕೊಳವೆಯಲ್ಲಿ ಕಟ್ಟಿ ಇಡಬಹುದು; ಹಾಗೆ ಕಟ್ಟಿಟ್ಟ ಎಚ್ಚರ ನಾವು ನಿದ್ದೆಗಣ್ಣಿನಲ್ಲಿದ್ದಾಗಲೂ ತನ್ನ ಕೆಲಸ ಮಾಡುತ್ತದೆ. ಕಳೆದ ವರ್ಷದ ಅನುಭವ ನನಗೆ ಕಲಿಸಿದ್ದು ಇದನ್ನೇ.

ಅಂಗಡಿಗೆ ಹೋದರೆ ಕಾಣುವ ಲೋಕವೇ ಬೇರೆ. ಅಲ್ಲಿ ಮಾರುವುದು ಕಣ್ಣಿಗೆ ಕಾಣುವುದನ್ನು: ಬಣ್ಣದ ಟೈಲ್ಸು, ಹೊಳೆಯುವ ನಲ್ಲಿ, ಮಳೆಯಂತೆ ಸುರಿಯುವ ಷವರ್. ನೆಲದ ಇಳಿಜಾರನ್ನಾಗಲಿ, ಮೋರಿಯೊಳಗಿನ ನೀರಿನ ತಡೆಯನ್ನಾಗಲಿ, ಗೋಡೆಯೊಳಗಿನ ಮೊಳೆಯ ಬಿಗಿಯನ್ನಾಗಲಿ ಯಾವ ಅಂಗಡಿಯವರೂ ಗಾಜಿನ ಹಿಂದೆ ಇಟ್ಟು ತೋರಿಸಲಾರರು. ಸ್ನಾನಗೃಹದ ಒಳಿತು ಕೆಡುಕು ನಿಂತಿರುವುದು ಮಾತ್ರ ಇವುಗಳ ಮೇಲೆಯೇ. ಆದ್ದರಿಂದ ನಮ್ಮ ಹಣದ ಮೊದಲ ಪಾಲು ಕಾಣದ ಕೆಲಸಕ್ಕೆ ಹೋಗಲಿ, ಉಳಿದದ್ದು ಚಂದಕ್ಕಿರಲಿ ಎಂದು ನಿರ್ಧರಿಸಿದೆವು.

ಮೊದಲನೆಯದು ನೆಲದ ಇಳಿಜಾರು. ಒಂದು ಮೀಟರಿಗೆ ಒಂದರಿಂದ ಎರಡು ಸೆಂಟಿಮೀಟರಿನಷ್ಟು ಇಳಿಜಾರು ಮೋರಿಯ ಕಡೆಗೆ ಇದ್ದರೆ ನೀರು ತಾನಾಗಿ ಹರಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ, ಹೆಚ್ಚಾದರೆ ವಯಸ್ಸಾದವರ ಕಾಲು ತಡವರಿಸುತ್ತದೆ. ನಮ್ಮ ಮೇಸ್ತ್ರಿ ಹಳಬರು. ರಸಮಟ್ಟ ಇಟ್ಟು ನೋಡಿದ ಮೇಲೂ ಒಂದು ಚೊಂಬು ನೀರು ತರಿಸಿ ನಾಲ್ಕು ಮೂಲೆಗಳಿಗೂ ಚೆಲ್ಲಿ ಕಾದು ನಿಂತರು. “ಸಾರ್, ಮಟ್ಟ ಸುಳ್ಳು ಹೇಳಬಹುದು, ನೀರು ಹೇಳಲ್ಲ” ಎಂದರು. ಒಂದು ಮೂಲೆಯಲ್ಲಿ ಅಂಗೈಯಗಲದ ನೀರು ನಿಂತಿತು. ಆ ಭಾಗವನ್ನು ಅವರೇ ಕಿತ್ತು ಮತ್ತೆ ಮಾಡಿದರು. ನೀರು ನಿಲ್ಲದ ನೆಲ ಸ್ನಾನ ಮುಗಿದ ಸ್ವಲ್ಪ ಹೊತ್ತಿಗೇ ಒಣಗುತ್ತದೆ. ಒಣಗಿದ ನೆಲದಲ್ಲಿ ಪಾಚಿ ಕಟ್ಟದು, ಹುಳು ಹುಟ್ಟದು, ಕಾಲು ಜಾರದು. ಹುಟ್ಟಿದ ಮೇಲೆ ಕೊಲ್ಲುವುದಕ್ಕಿಂತ ಹುಟ್ಟಲು ಎಡೆಗೊಡದಿರುವುದು ಶ್ರಾವಕರಿಗೆ ಉಚಿತವಾದ ದಾರಿ. ಗಾಳಿಯಾಡಲು ಎತ್ತರದಲ್ಲಿ ಒಂದು ಕಿಟಕಿ, ಬಾಗಿಲ ತಳದಲ್ಲಿ ಗಾಳಿ ಒಳಬರಲು ಸ್ವಲ್ಪ ಸಂದು ಇದ್ದರೆ ಈ ಕೆಲಸ ಇನ್ನೂ ಸುಲಭ. ನೆಲಕ್ಕೆ ನಯವಿಲ್ಲದ, ಚಿಕ್ಕ ಅಳತೆಯ ಟೈಲ್ಸುಗಳನ್ನು ಹಾಕಿಸಿದೆವು. ಚಿಕ್ಕವಾದಷ್ಟೂ ಸಂದುಗಳು ಹೆಚ್ಚು. ಸಂದುಗಳು ಹೆಚ್ಚಿದಷ್ಟೂ ಪಾದಕ್ಕೆ ಹಿಡಿತ ಹೆಚ್ಚು.

ಎರಡನೆಯದು ಮೋರಿಯ ಬಾಯಿ. ನೀರು ಹೊರಹೋಗುವ ಕಡೆ ಕೂರಿಸುವ ನಹಾನಿ ಟ್ರ್ಯಾಪಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಆ ನೀರಿನ ತಡೆ 50 ಮಿಲಿಮೀಟರಿನಷ್ಟಾದರೂ ಆಳವಿದ್ದರೆ ಚರಂಡಿಯ ದುರ್ವಾಸನೆಯಾಗಲಿ ಜಿರಲೆಗಳಾಗಲಿ ಸುಲಭವಾಗಿ ಮೇಲೆ ಬರಲಾರವು. ಮೇಲೊಂದು ಸಣ್ಣ ಕಣ್ಣಿನ ಜಾಲರಿಯಿದ್ದರೆ ಇನ್ನೂ ಕ್ಷೇಮ. ಅನೇಕ ಮನೆಗಳಲ್ಲಿ ಇದನ್ನು ಉದಾಸೀನ ಮಾಡಿ, ರಾತ್ರಿ ಜಿರಲೆ ಕಂಡಾಗ ವಿಷದ ಡಬ್ಬಿಗೆ ಕೈ ಹಾಕುತ್ತಾರೆ. ಇಲ್ಲವೆ ಕುದಿಯುವ ನೀರನ್ನು ಮೋರಿಗೆ ಸುರಿಯುತ್ತಾರೆ. ಕೆಲವು ನೂರು ರೂಪಾಯಿಯ ಒಂದು ಸಾಮಾನು ಸರಿಯಾಗಿದ್ದರೆ ಈ ಹಿಂಸೆಯ ಪ್ರಸಂಗವೇ ಬರುವುದಿಲ್ಲ. ಬಹಳ ದಿನ ಬಳಸದ ಸ್ನಾನಗೃಹದಲ್ಲಿ ಆ ತಡೆಯ ನೀರು ಆವಿಯಾಗಿ ಹೋಗುತ್ತದೆ. ಅಲ್ಲಿಗೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಬೇಕು. ಹಾಗೆಯೇ ತುಂಬಿಟ್ಟ ಬಕೆಟ್ಟು, ತೊಟ್ಟಿಗಳನ್ನು ಮುಚ್ಚಿಡಬೇಕು, ವಾರಕ್ಕೊಮ್ಮೆಯಾದರೂ ಬರಿದು ಮಾಡಿ ಒಣಗಿಸಬೇಕು. ಡೆಂಗಿ ಜ್ವರ ಹರಡುವ ಸೊಳ್ಳೆಯು ಇಂತಹ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು.

ಮೂರನೆಯದು ನೀರಿನ ಬಳಕೆ. ನಮ್ಮ ತಾಯಿಯವರು ಸ್ನಾನದ ನೀರನ್ನೂ ಸೋಸಿಯೇ ಬಳಸುವವರು. ಅಂಗಡಿಯಲ್ಲಿ ತೋರಿಸಿದ ನಲ್ಲಿಗಳೆಲ್ಲ ಅಗಲವಾದ ಚಪ್ಪಟೆ ಬಾಯಿಯವು. ಜಲಪಾತದ ಹಾಗೆ ನೀರು ಬೀಳುತ್ತದೆಂದು ಅಂಗಡಿಯವರು ವರ್ಣಿಸಿದರು. ಅದಕ್ಕೆ ಸೋಸುವ ಬಟ್ಟೆಯನ್ನು ಕಟ್ಟುವುದು ಹೇಗೆ? ಕೊನೆಗೆ ಗುಂಡಾದ ಉದ್ದ ಮೂತಿಯ ಹಳೆಯ ಮಾದರಿಯ ನಲ್ಲಿಯನ್ನೇ ಹುಡುಕಿ ತಂದೆವು. ಅದನ್ನು ಬಕೆಟ್ಟಿನ ಮೇಲೆ ಒಂದು ಗೇಣಿನಷ್ಟು ಎತ್ತರದಲ್ಲಿ ಕೂರಿಸಿದ್ದರಿಂದ ಬಟ್ಟೆ ಕಟ್ಟಲೂ ಬಿಚ್ಚಲೂ ಕೈಯಾಡುತ್ತದೆ. ಸೋಸಿದ ಬಟ್ಟೆಯನ್ನು ನೀರು ಬಂದ ಮೂಲಕ್ಕೇ ತೊಳೆದುಬಿಡಬೇಕೆಂಬುದು ಹಿರಿಯರ ಕ್ರಮ. ನಮ್ಮ ಮನೆಯಲ್ಲಿ ಬಾವಿ ಇರುವುದರಿಂದ ಅದಕ್ಕೂ ಅನುಕೂಲವಿದೆ. ನಲ್ಲಿಯ ತಿರುಪು ಮಾತ್ರ ಹೊಸ ಬಗೆಯದು. ಉದ್ದ ಹಿಡಿಕೆಯಿರುವುದರಿಂದ ಬೆರಳ ಗಂಟು ನೋಯುವವರೂ ಮೊಣಕೈಯಿಂದ ನೂಕಿ ನಿಲ್ಲಿಸಬಹುದು.

ನೀರು ಉಳಿಸುವ ಸಾಧನಗಳಲ್ಲಿ ಬಕೆಟ್ಟು ಮತ್ತು ಚೊಂಬನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಹದಿನೈದು ಇಪ್ಪತ್ತು ಲೀಟರಿನಲ್ಲಿ ಸ್ನಾನ ಮುಗಿಯುತ್ತದೆ. ಸಾಮಾನ್ಯ ಷವರ್ ಎರಡು ಮೂರು ನಿಮಿಷಗಳಲ್ಲಿಯೇ ಅಷ್ಟು ನೀರನ್ನು ಸುರಿದುಬಿಡುತ್ತದೆ. ಆದರೆ ನೆಲದ ಮೇಲಿನ ಬಕೆಟ್ಟಿಗೆ ಬಗ್ಗುವುದು ಮುಪ್ಪಿನವರಿಗೆ ಕಷ್ಟ. ಇದಕ್ಕಾಗಿ ಒಂದಡಿ ಎತ್ತರದ ಒಂದು ಸಣ್ಣ ಕಟ್ಟೆಯನ್ನು ಬಕೆಟ್ಟಿಗೂ, ಒಂದೂವರೆ ಅಡಿ ಎತ್ತರದ ಇನ್ನೊಂದು ಕಟ್ಟೆಯನ್ನು ಕೂರುವುದಕ್ಕೂ ಕಲ್ಲಿನಲ್ಲಿ ಕಟ್ಟಿಸಿದೆವು. ಕೂತವರ ಕೈ ತಾನಾಗಿ ಬಕೆಟ್ಟಿನ ಬಾಯಿಗೆ ನಿಲುಕುತ್ತದೆ. ಶೌಚದ ಹಳೆಯ ತೊಟ್ಟಿ ಒಂದು ಸಲಕ್ಕೆ ಹತ್ತು ಲೀಟರಿಗೂ ಹೆಚ್ಚು ನೀರು ಬಿಡುತ್ತಿತ್ತು. ಈಗಿನದರಲ್ಲಿ ಎರಡು ಗುಂಡಿಗಳಿವೆ: ಒಂದಕ್ಕೆ ಮೂರು ಲೀಟರು, ಇನ್ನೊಂದಕ್ಕೆ ಆರು. ಸೌರ ಒಲೆಯ ತೊಟ್ಟಿ ತಾರಸಿಯ ಒಂದು ತುದಿಯಲ್ಲಿದ್ದು ಸ್ನಾನಗೃಹ ಇನ್ನೊಂದು ತುದಿಯಲ್ಲಿದ್ದರೆ, ಬಿಸಿನೀರು ಬರುವವರೆಗೆ ಕೊಳವೆಯ ತಣ್ಣೀರೆಲ್ಲ ವ್ಯರ್ಥವಾಗಿ ಹರಿಯುತ್ತದೆ. ಕೊಳವೆಯ ದಾರಿಯನ್ನು ಮೊಟಕು ಮಾಡಿಸಿ, ಅದಕ್ಕೆ ಶಾಖ ಹೋಗದಂತೆ ಹೊದಿಕೆ ಹಾಕಿಸಿದೆವು. ಆದರೂ ಮೊದಲು ಬರುವ ತಣ್ಣೀರನ್ನು ಹಿಡಿದಿಡಲು ಒಂದು ಪಾತ್ರೆ ಅಲ್ಲಿ ಇದ್ದೇ ಇರುತ್ತದೆ.

ನಾಲ್ಕನೆಯದು, ಬೀಳದಂತೆ ನೋಡಿಕೊಳ್ಳುವುದು, ಬಿದ್ದರೆ ಎತ್ತಲು ದಾರಿಯಿರುವುದು. ಎತ್ತರದ ಹೊಸ್ತಿಲನ್ನು ತೆಗೆಸಿದೆವು. ನೆಲ ಒಳಮುಖವಾಗಿ ಇಳಿಜಾರಾಗಿರುವುದರಿಂದ ನೀರು ಹೊರಗೆ ಬರುವುದಿಲ್ಲ. ಬಾಗಿಲು ಈಗ ಹೊರಕ್ಕೆ ತೆರೆಯುತ್ತದೆ. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಯಾರಾದರೂ ಕುಸಿದು ಬಿದ್ದರೆ ಅವರ ದೇಹವೇ ಬಾಗಿಲಿಗೆ ಅಡ್ಡವಾಗುತ್ತದೆ. ಹೊರಗಿನವರು ಎಷ್ಟೇ ಜನರಿದ್ದರೂ ಪ್ರಯೋಜನವಿಲ್ಲ. ಒಳಗಿನ ಅಗುಳಿಯು ಹೊರಗಿನಿಂದ ಒಂದು ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುವಂಥದು. ಬಾಗಿಲ ಅಗಲ 90 ಸೆಂಟಿಮೀಟರು. ಎಂದಾದರೂ ಗಾಲಿಕುರ್ಚಿ ಬೇಕಾದರೆ ಅದೂ ಸಾಗಬೇಕು. ಹಿಡಿದೇಳುವ ಕಂಬಿಗಳನ್ನು ನೆಲದಿಂದ ಸುಮಾರು 80 ಸೆಂಟಿಮೀಟರು ಎತ್ತರದಲ್ಲಿ ಶೌಚಪೀಠದ ಪಕ್ಕ ಒಂದು, ಸ್ನಾನದ ಕಟ್ಟೆಯ ಪಕ್ಕ ಇನ್ನೊಂದು ಹಾಕಿಸಿದೆವು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಟವೆಲ್ ಹಾಕುವ ತೆಳ್ಳಗಿನ ಸರಳು ಮನುಷ್ಯನ ಭಾರವನ್ನು ತಡೆಯಲಾರದು. ಜಾರುವಾಗ ಕೈ ಮೊದಲು ಹೋಗುವುದು ಅದರ ಮೇಲೆಯೇ. ಅದು ಕಿತ್ತು ಬಂದರೆ ಬೀಳುವ ಪೆಟ್ಟು ಇಮ್ಮಡಿ. ಕಂಬಿಯು ಇಟ್ಟಿಗೆಯೊಳಕ್ಕೆ ಆಳವಾಗಿ ಹೋದ ಬೋಲ್ಟುಗಳ ಮೇಲೆ ನಿಂತಿರಬೇಕು. ಪೊಳ್ಳು ಇಟ್ಟಿಗೆಯ ಗೋಡೆಯಾಗಿದ್ದರೆ ಆ ಭಾಗವನ್ನು ಕಾಂಕ್ರೀಟಿನಿಂದ ತುಂಬಿಸಿಯೇ ಕಂಬಿ ಹಾಕಬೇಕು.

ನೆಲ, ಗೋಡೆ, ಪೀಠ ಎಲ್ಲವೂ ಬಿಳಿಯದಾಗಿದ್ದರೆ ಪೊರೆ ಬಂದ ಕಣ್ಣಿಗೆ ಅಂಚು ಯಾವುದು, ಮಟ್ಟ ಯಾವುದು ತಿಳಿಯುವುದಿಲ್ಲ. ಗೋಡೆ ತಿಳಿಬಣ್ಣ, ನೆಲ ಬೂದುಬಣ್ಣ, ಕಂಬಿ ಎದ್ದು ಕಾಣುವ ನೀಲಿ ಬಣ್ಣ ಎಂದು ಗೊತ್ತುಮಾಡಿದೆವು. ದೀಪದ ಗುಂಡಿ ಬಾಗಿಲ ಹೊರಗಿದೆ. ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯಲ್ಲಿ ನೆಲದ ಹತ್ತಿರ ರಾತ್ರಿಯೆಲ್ಲ ಒಂದು ಮಂದ ದೀಪ ಉರಿಯುತ್ತದೆ.

ಶೌಚಪೀಠದ ವಿಷಯದಲ್ಲಿ ಮಾತ್ರ ತಾಯಿಯವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. “ಎಲ್ಲರೂ ಕೂತ ಜಾಗದ ಮೇಲೆ ನಾನು ಕೂತು, ಆಮೇಲೆ ದೇವರ ಮುಂದೆ ಹೇಗಪ್ಪ ಹೋಗಲಿ?” ಎಂದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವುದು ಸರಿಯಲ್ಲ. ಶುಚಿತ್ವವನ್ನು ಕುರಿತ ಒಂದು ಜೀವಮಾನದ ಶಿಸ್ತು ಅದರ ಹಿಂದಿದೆ. ನನ್ನ ಹೆಂಡತಿ ಅದಕ್ಕೆ ದಾರಿ ಕಂಡುಹಿಡಿದಳು. ಪೀಠವನ್ನು 45 ಸೆಂಟಿಮೀಟರು ಎತ್ತರಕ್ಕೆ ಕೂರಿಸಿ, ಅವರಿಗೆಂದೇ ತೆಗೆದು ತೊಳೆದು ಒಣಗಿಸಬಹುದಾದ ಪ್ರತ್ಯೇಕ ಮೇಲುಹಲಗೆಯೊಂದನ್ನು ಇಟ್ಟಳು. ಪಕ್ಕದಲ್ಲಿಯೇ ಕೈಗೆ ನಿಲುಕುವಂತೆ ನೀರಿನ ಕೊಳವೆ. ಮಡಿಬಟ್ಟೆ ಒದ್ದೆಯಾಗದಂತೆ ಎತ್ತರದಲ್ಲಿ, ನೀರು ಸಿಡಿಯದ ಗೋಡೆಗೆ, ಒಂದು ಗೂಟ. ಅತ್ತೆಯವರ ಮನಸ್ಸನ್ನು ತಿಳಿದು ಮಾಡಿದ ಈ ಸಣ್ಣ ಏರ್ಪಾಡು ಅಂಗಡಿಯ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಐದನೆಯದು ಬೆಂಕಿ ಮತ್ತು ವಿದ್ಯುತ್ತು. 60 ಡಿಗ್ರಿ ಶಾಖದ ನೀರು ಐದಾರು ಸೆಕೆಂಡುಗಳಲ್ಲಿಯೇ ಚರ್ಮವನ್ನು ಸುಡಬಲ್ಲದು. ವಯಸ್ಸಾದವರ ತೆಳುವಾದ ಚರ್ಮಕ್ಕೂ ಮಕ್ಕಳ ಎಳೆಯ ಚರ್ಮಕ್ಕೂ ಅಷ್ಟೂ ಹೊತ್ತು ಬೇಕಾಗದು. ಆದ್ದರಿಂದ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ಕ್ರಮವನ್ನು ಮನೆಯವರೆಲ್ಲರೂ ರೂಢಿಸಿಕೊಳ್ಳಬೇಕು. ಬಿಸಿನೀರಿನ ನಲ್ಲಿಗೆ ಕೆಂಪು ಗುರುತಿರಬೇಕು. ವಿದ್ಯುತ್ ಸೋರಿಕೆಯಾದ ಕೂಡಲೇ ಸಂಪರ್ಕವನ್ನು ತಪ್ಪಿಸುವ 30 ಮಿಲಿ ಆಂಪಿಯರಿನ ರಕ್ಷಕ ಸ್ವಿಚ್ಚು ಪ್ರತಿ ಮನೆಯಲ್ಲೂ ಇರತಕ್ಕದ್ದು. ಗ್ಯಾಸ್ ಗೀಸರನ್ನು ಸ್ನಾನಗೃಹದ ಒಳಗೆ ಇಡಲೇಬಾರದೆಂದು ಕೈಮುಗಿದು ಬಿನ್ನವಿಸುತ್ತೇನೆ. ಮುಚ್ಚಿದ ಕೋಣೆಯಲ್ಲಿ ಅದು ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅಲ್ಲಿಯೇ ಪ್ರಜ್ಞೆತಪ್ಪಿ ಪ್ರಾಣ ಬಿಟ್ಟ ಸುದ್ದಿಗಳು ಚಳಿಗಾಲದ ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಇಡಬೇಕಾದಲ್ಲಿ ಹೊರಗೆ, ಗಾಳಿಯಾಡುವ ಕಡೆ ಇಟ್ಟು ಕೊಳವೆಯಿಂದ ನೀರು ತರಬೇಕು.

ಆರನೆಯದು ತೊಳೆಯುವವರ ಕಷ್ಟ. ನಮ್ಮ ಮನೆಯಲ್ಲಿ ವಾರಕ್ಕೆ ಎರಡು ದಿನ ಒಬ್ಬಾಕೆ ಸ್ನಾನಗೃಹ ತೊಳೆಯಲು ಬರುತ್ತಾಳೆ. ಬೇರೆ ಮನೆಗಳಲ್ಲಿ ಆಸಿಡ್ಡು ಹಾಕಿ ಉಜ್ಜಿ ಅವಳ ಬೆರಳ ಸಂದುಗಳು ಬಿರಿದಿದ್ದವು. ಆಸಿಡ್ಡಿನ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಅದರ ಜೊತೆಗೆ ಬ್ಲೀಚಿಂಗ್ ಪುಡಿ ಬೆರೆತರೆ ವಿಷಾನಿಲವಾದ ಕ್ಲೋರಿನ್ ಹುಟ್ಟುತ್ತದೆ. ಶಹಾಬಾದ್ ಕಲ್ಲಿನಂತಹ ಸುಣ್ಣಗಲ್ಲನ್ನು ಆಸಿಡ್ಡು ಕೊರೆದು ಇನ್ನಷ್ಟು ಕೊಳೆ ಹಿಡಿಯುವಂತೆ ಮಾಡುತ್ತದೆ. ಕೊಳೆ ಕಟ್ಟುವುದು ಕೈ ಹೋಗದ ಮೂಲೆಗಳಲ್ಲಿ, ಸಂದುಗಳಲ್ಲಿ. ಆದ್ದರಿಂದ ನೆಲ ಗೋಡೆ ಕೂಡುವ ಮೂಲೆಗಳನ್ನು ದುಂಡಗೆ ಮಾಡಿಸಿದೆವು. ಕೈತೊಳೆಯುವ ಬೇಸಿನ್ನನ್ನು ಗೋಡೆಗೇ ಬಿಗಿಸಿ, ಕೆಳಗೆ ಪೊರಕೆ ಸಲೀಸಾಗಿ ಆಡುವಂತೆ ಬಿಟ್ಟೆವು. ಈಗ ಸೋಪಿನ ನೀರು, ಒಂದು ಬ್ರಷ್ಷು ಸಾಕು. “ಇಲ್ಲಿ ಅರ್ಧ ಗಂಟೆ ಕೆಲಸ ಕಮ್ಮಿ ಆಯ್ತಕ್ಕಾ” ಎಂದು ಅವಳು ನನ್ನ ಹೆಂಡತಿಗೆ ಹೇಳಿದಾಗ, ಸಂಬಳ ಕಡಿಮೆಯಾದೀತೆಂಬ ಅಂಜಿಕೆ ಆ ದನಿಯಲ್ಲಿತ್ತು. ಹಾಗಾಗದೆಂದು ನನ್ನ ಹೆಂಡತಿ ಆ ಕ್ಷಣವೇ ಹೇಳಿದಳು. ಶ್ರಮವನ್ನು ಉಳಿಸಿದ ಲಾಭ ಶ್ರಮಪಡುವವರಿಗೇ ಸೇರಬೇಕಲ್ಲವೆ?

ನಮ್ಮ ನೀರು ನಮ್ಮ ಗೋಡೆಯ ಆಚೆ ಎಲ್ಲಿಗೆ ಹೋಗುತ್ತದೆ ಎಂಬುದೂ ನಮ್ಮ ಹೊಣೆಯೇ. ಬೆಂಗಳೂರಿನಲ್ಲಿ ನನ್ನ ತಮ್ಮ ಇರುವುದು ಬಹುಮಹಡಿ ಕಟ್ಟಡದಲ್ಲಿ. ಮೇಲಿನ ಮನೆಯ ಸ್ನಾನಗೃಹದ ನೀರು ಜಿನುಗಿ ಅವನ ಮನೆಯ ಮಾಳಿಗೆಯಲ್ಲಿ ಬೂಷ್ಟು ಹಿಡಿದು, ಎರಡು ಕುಟುಂಬಗಳ ನಡುವೆ ಮಾತು ನಿಂತುಹೋಗಿತ್ತು. ಟೈಲ್ಸು ಹಾಕುವ ಮೊದಲು ನೀರು ನಿರೋಧಕ ಲೇಪನ ಮಾಡಿಸಿ, ನೆಲದ ತುಂಬ ನೀರು ಕಟ್ಟಿ ಒಂದೆರಡು ದಿನ ನಿಲ್ಲಿಸಿ, ಕೆಳಗಿನವರ ಮಾಳಿಗೆಯನ್ನು ನೋಡಿ ಬರುವುದು ಬಲ್ಲವರ ಕ್ರಮ. ಆ ಎರಡು ದಿನಗಳ ತಾಳ್ಮೆ ಹತ್ತು ವರ್ಷಗಳ ನೆರೆಹೊರೆಯನ್ನು ಉಳಿಸುತ್ತದೆ. ಇನ್ನು ಶೌಚದ ಗುಂಡಿಯ ವಿಷಯ. ಮನುಷ್ಯರನ್ನು ಗುಂಡಿಗೆ ಇಳಿಸಿ ಕೈಯಿಂದ ಮಲ ಎತ್ತಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಕಾಯಿದೆ ಇಲ್ಲದಿದ್ದರೂ ಅಹಿಂಸೆಯನ್ನು ಪರಮಧರ್ಮವೆನ್ನುವವರಿಗೆ ಅದು ನಿಷಿದ್ಧವೇ. ಗುಂಡಿಯ ಮುಚ್ಚಳ ಯಂತ್ರದ ಕೊಳವೆ ಸುಲಭವಾಗಿ ತಲುಪುವ ಕಡೆ ಇರಬೇಕು. ಕೊಳವೆಗಳ ಪ್ರತಿ ತಿರುವಿನಲ್ಲಿಯೂ ತೆರೆದು ಶುಚಿಮಾಡುವ ಬಾಯಿ ಇರಬೇಕು. ಇಷ್ಟಾದರೆ ಯಾರೂ ಒಳಗಿಳಿಯುವ ಸಂದರ್ಭವೇ ಬಾರದು.

ಕೆಲಸ ಮುಗಿಯಲು ಆರು ವಾರಗಳಾದವು. ಮೊದಲ ಕೆಲವು ದಿನ ತಾಯಿಯವರು ಯಾರನ್ನಾದರೂ ಬಾಗಿಲ ಹೊರಗೆ ನಿಲ್ಲಿಸಿಕೊಂಡೇ ಒಳಗೆ ಹೋಗುತ್ತಿದ್ದರು. ಆಮೇಲೆ ಒಂದು ದಿನ ಬೆಳಗ್ಗೆ ಎಲ್ಲರಿಗಿಂತ ಮೊದಲೇ ಎದ್ದು, ಒಬ್ಬರೇ ಸ್ನಾನ ಮುಗಿಸಿ, ಮಡಿಯುಟ್ಟು ದೇವರ ಕೋಣೆಯಲ್ಲಿ ಕುಳಿತಿದ್ದರು. ಸಂಜೆ ಹೊತ್ತು ಮುಳುಗುವ ಮುನ್ನ ಒಂದು ತಂಬಿಗೆ ನೀರನ್ನು ಈಗ ತಾವೇ ಕೇಳಿ ಕುಡಿಯುತ್ತಾರೆ. ಮುಪ್ಪಿನಲ್ಲಿ ಮನುಷ್ಯರಿಗೆ ಬೇಕಾಗಿರುವುದು ಸೇವೆಯೊಂದೇ ಅಲ್ಲ. ಇನ್ನೊಬ್ಬರ ಕೈ ಕಾಯದೆ ತನ್ನ ದೇಹಧರ್ಮವನ್ನು ತಾನೇ ತೀರಿಸಿಕೊಳ್ಳುವ ಮರ್ಯಾದೆಯೂ ಬೇಕು. ಎರಡು ಕಂಬಿ, ಒಂದು ಕಟ್ಟೆ, ಹೊರಕ್ಕೆ ತೆರೆಯುವ ಒಂದು ಬಾಗಿಲು ಆ ಮರ್ಯಾದೆಯನ್ನು ಉಳಿಸಿಕೊಡಬಲ್ಲವು.

ಕೊನೆಯದಾಗಿ ನಮ್ಮ ಬಸದಿಗಳ, ಕ್ಷೇತ್ರಗಳ ಆಡಳಿತ ಮಂಡಳಿಗಳವರಲ್ಲಿ ಒಂದು ಅರಿಕೆ. ಯಾತ್ರೆಗೆ ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಬೆಟ್ಟದ ನೂರಾರು ಮೆಟ್ಟಿಲುಗಳನ್ನು ಭಕ್ತಿಯ ಬಲದಿಂದ ಏರಿ ಇಳಿದವರು, ನಸುಕಿನಲ್ಲಿ ಅಭಿಷೇಕಕ್ಕೆ ಹೊರಡುವ ಆತುರದಲ್ಲಿ, ಪರಿಚಯವಿಲ್ಲದ ಛತ್ರದ ಕತ್ತಲ ಬಚ್ಚಲಿನಲ್ಲಿ ಜಾರುವ ಅಪಾಯದಲ್ಲಿರುತ್ತಾರೆ. ಶ್ರವಣಬೆಳಗೊಳದಲ್ಲಿ 2018ರಲ್ಲಿ ನಡೆದ ಮಹಾಮಸ್ತಕಾಭಿಷೇಕ ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೊಮ್ಮೆ ಬರುವಂಥದು. ಮುಂದಿನ ಪರ್ವಕ್ಕೆ ಮುಂಚೆ ನಾಡಿನ ಅನೇಕ ಕಡೆ ಹೊಸ ಯಾತ್ರಿನಿವಾಸಗಳು ಏಳಬಹುದು, ಹಳೆಯವು ದುರಸ್ತಿಯಾಗಬಹುದು. ಗೋಪುರಕ್ಕೆ, ಸಭಾಮಂಟಪಕ್ಕೆ, ಅಮೃತಶಿಲೆಯ ನೆಲಕ್ಕೆ ದಾನಿಗಳು ಸಿಗುತ್ತಾರೆ. ಅವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ. ಸ್ನಾನಗೃಹದ ಕಂಬಿಗೆ, ಒರಟು ಹಾಸುಗಲ್ಲಿಗೆ, ಮಂದ ದೀಪಕ್ಕೆ ಹೆಸರು ಕೆತ್ತಿಸಿಕೊಳ್ಳುವವರು ಯಾರೂ ಬರುವುದಿಲ್ಲ. ಆದ್ದರಿಂದ ಮಂಡಳಿಗಳೇ ಇದನ್ನು ತಮ್ಮ ಅಂದಾಜುಪಟ್ಟಿಯ ಮೊದಲ ಸಾಲಿಗೆ ತರಬೇಕು. ನೆಲಮಟ್ಟದಲ್ಲಿ ಕೆಲವು ಕೋಣೆಗಳನ್ನಾದರೂ ಮುಪ್ಪಿನವರಿಗೂ ಅಂಗವಿಕಲರಿಗೂ ಮೀಸಲಿಟ್ಟು, ಅವುಗಳ ಸ್ನಾನಗೃಹಗಳಲ್ಲಿ ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರಿನ ಜಾಗ ಬಿಡಬೇಕು. ಕೆಲಸ ಮುಗಿದ ಮೇಲೆ ಉದ್ಘಾಟನೆಗೆ ಮೊದಲು, ಮಂಡಳಿಯ ಹಿರಿಯ ಸದಸ್ಯರೊಬ್ಬರು ಕನ್ನಡಕ ತೆಗೆದಿಟ್ಟು, ಒದ್ದೆಗಾಲಿನಲ್ಲಿ, ಬೆಳಗಿನ ನಾಲ್ಕು ಗಂಟೆಗೆ ಅಲ್ಲಿ ಒಮ್ಮೆ ಸ್ನಾನ ಮಾಡಿ ಬರಲಿ. ಯಾವ ಇಂಜಿನಿಯರ ವರದಿಗಿಂತಲೂ ಅವರ ಮಾತು ಹೆಚ್ಚು ಉಪಯುಕ್ತವಾದೀತು.